ಚಿಕ್ಕಪ್ಪನ ಮಗಳು ತಂಗಿ, ಸೋದರಮಾವನ ಮಗಳು ಯಾಕಲ್ಲ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಮಳವಳ್ಳಿ ಕಡೆಯವಳು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ನಮ್ಮದು ಪಿತೃವಂಶೀಯ ಸಮಾಜ ಅಂತ ಸಮಾಜಶಾಸ್ತ್ರದ ತರಗತಿಯಲ್ಲಿ ಬರೆಸಿದರು. ಆದರೆ ನಮ್ಮ ಮನೆಯಲ್ಲಿ ಸೋದರಮಾವ ಇಲ್ಲದೆ ಒಂದು ಶುಭಕಾರ್ಯವೂ ನಡೆಯುವುದಿಲ್ಲ. ಈಗ ಅಮ್ಮನ ತಾಯಿ, ಅಂದರೆ ನನ್ನ ಅಜ್ಜಿ, ನಮ್ಮಣ್ಣನಿಗೆ ಸೋದರಮಾವನ ಮಗಳನ್ನೇ ತಂದುಕೊಳ್ಳಬೇಕು ಅಂತ ಹಟ ಹಿಡಿದಿದ್ದಾರೆ. ಚಿಕ್ಕಪ್ಪನ ಮಗಳು ತಂಗಿ ಆದರೆ ಸೋದರಮಾವನ ಮಗಳು ಹೇಗೆ ತಂಗಿ ಅಲ್ಲ? ಇಬ್ಬರದೂ ಅಷ್ಟೇ ರಕ್ತ ಅಲ್ವಾ? ಇನ್ನೊಂದು ವಿಷಯ. ಅಮ್ಮನ ತವರಿನಲ್ಲಿ ಜಮೀನು ಪಾಲಾಗುತ್ತಿದೆ. ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ ಅಮ್ಮನ ಹೆಸರೂ ಇದೆ. ಹೆಣ್ಣುಮಕ್ಕಳಿಗೂ ಪಾಲು ಬಂತು ಅಂದಮೇಲೆ ಪಿತೃವಂಶ ಮುಗಿದ ಹಾಗೇನಾ? ಬಂಧುತ್ವದ ಬಗ್ಗೆ ಒಂದು ಅಸೈನ್‌ಮೆಂಟ್ ಕೂಡ ಬರೆಯಬೇಕು.

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಮೂರರ ಬುಡ ಒಂದೇ. ನಿಮ್ಮ ಪುಸ್ತಕ ಹೇಳುತ್ತಿರುವುದು ವಂಶದ ವಿಷಯ. ನೀವು ಕೇಳುತ್ತಿರುವುದು ಬಂಧುತ್ವದ ವಿಷಯ. ಎರಡೂ ಬೇರೆ ಬೇರೆ. ಪಠ್ಯಗಳಲ್ಲಿ ಎರಡನ್ನೂ ಒಂದೇ ಅಧ್ಯಾಯಕ್ಕೆ ಸೇರಿಸಿ, ನಾಲ್ಕು ವ್ಯಾಖ್ಯೆ ಕೊಟ್ಟು ಮುಂದೆ ಹೋಗಿಬಿಡುತ್ತಾರೆ. ಆಮೇಲೆ ವಿದ್ಯಾರ್ಥಿಗಳು ತಮ್ಮ ಮನೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗೊಂದಲ ಆಗುತ್ತದೆ. ನಿಮಗೆ ಗೊಂದಲ ಆಗಿದೆ ಅಂದರೆ ನೀವು ಸರಿಯಾಗಿ ಓದುತ್ತಿದ್ದೀರಿ ಎಂದೇ ಅರ್ಥ.

ಮೊದಲು ವಂಶ ಅಂದರೆ ಏನು ನೋಡೋಣ. ನಿಮಗೆ ಅಪ್ಪ ಅಮ್ಮ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅವರ ಹಿಂದಿನ ತಲೆಮಾರಿನಲ್ಲಿ 8 ಜನ. ಅದಕ್ಕೂ ಹಿಂದೆ 16 ಜನ. ಆ 16 ಜನರೂ ನಿಮ್ಮ ಹಿರಿಯರೇ. ಎಲ್ಲರ ರಕ್ತವೂ ಹೆಚ್ಚುಕಡಿಮೆ ಸಮವಾಗಿ ನಿಮ್ಮಲ್ಲಿದೆ. ಆದರೆ ಪಿತೃವಂಶ ಆ 16 ಜನರಲ್ಲಿ ಒಬ್ಬನನ್ನು ಮಾತ್ರ ಹಿಡಿದುಕೊಳ್ಳುತ್ತದೆ. ನಿಮ್ಮ ಅಪ್ಪನ ಅಪ್ಪನ ಅಪ್ಪನ ಅಪ್ಪ. ಉಳಿದ 15 ಜನ ಲೆಕ್ಕಕ್ಕಿಲ್ಲ. ಮಾತೃವಂಶ ಇರುವ ಕಡೆಯೂ ಇದೇ ಕಥೆ. ಅಲ್ಲಿ ಅಮ್ಮನ ಅಮ್ಮನ ಅಮ್ಮನ ಅಮ್ಮ ಒಬ್ಬಳು ಉಳಿಯುತ್ತಾಳೆ, 15 ಜನ ಬಿಟ್ಟುಹೋಗುತ್ತಾರೆ.

ಇಷ್ಟು ಜನರನ್ನು ಬಿಟ್ಟುಬಿಡುವುದು ಯಾಕೆ? ಗುಂಪು ಕಟ್ಟುವುದಕ್ಕೆ. ರಕ್ತಸಂಬಂಧವನ್ನು ಎರಡೂ ಕಡೆಯಿಂದ ಎಣಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇರುವುದಿಲ್ಲ. ನಿಮ್ಮ ಬಳಗ ಬೇರೆ, ನಿಮ್ಮ ಚಿಕ್ಕಪ್ಪನ ಮಕ್ಕಳ ಬಳಗ ಬೇರೆ ಆಗುತ್ತದೆ. ಅವರ ತಾಯಿಯ ಕಡೆಯವರು ನಿಮಗೆ ದೂರದವರು, ಅಲ್ವಾ? ಒಂದೇ ಗೆರೆ ಹಿಡಿದರೆ ಮಾತ್ರ ಇವರು ಒಳಗಿನವರು, ಅವರು ಹೊರಗಿನವರು ಅಂತ ಸ್ಪಷ್ಟವಾಗಿ ಹೇಳಬಹುದು. ನಮ್ಮ ಕಡೆ ಆ ಗುಂಪಿಗೆ ಬೆಡಗು, ಬಳಿ, ಕುಲ, ಒಕ್ಕಲು ಅಂತ ಜಾತಿ ಮತ್ತು ಊರು ನೋಡಿಕೊಂಡು ಬೇರೆ ಬೇರೆ ಹೆಸರಿವೆ. ಗುಂಪಿನ ಒಳಗಿರುವವರು ಅಣ್ಣತಮ್ಮಂದಿರು, ದಾಯಾದಿಗಳು. ಮನೆದೇವರು ಒಂದೇ. ಒಬ್ಬರು ತೀರಿಕೊಂಡರೆ ಎಲ್ಲರಿಗೂ ಸೂತಕ. ಹಳೆಯ ಕಾಲದಲ್ಲಿ ಜಮೀನೂ ಇದೇ ಗೆರೆಯಲ್ಲಿ ಇಳಿಯುತ್ತಿತ್ತು. ಎತ್ತಿನ ಮೇಲೆ ಬಂದು ಮನೆಮನೆಯ ವಂಶಾವಳಿ ಹೇಳುತ್ತಿದ್ದ ಹೆಳವರ ಬಗ್ಗೆ ನಿಮ್ಮ ಊರಿನ ಹಿರಿಯರಿಗೆ ಗೊತ್ತಿರಬಹುದು. ಅವರು ಹೇಳುತ್ತಿದ್ದುದೂ ಈ ಒಂದು ಗೆರೆಯ ಕಥೆಯನ್ನೇ.

ಪಿತೃಪಕ್ಷದಲ್ಲಿ ನಿಮ್ಮ ಮನೆಯಲ್ಲಿ ಎಡೆ ಇಡುವಾಗ ಗಮನಿಸಿ. ತಾತನಿಗೂ ಅವರ ಅಪ್ಪನಿಗೂ ಎಡೆ ಇರುತ್ತದೆ. ಅವರ ಹೆಂಡಂದಿರಿಗೂ ಇರುತ್ತದೆ. ಆ ಹೆಣ್ಣುಮಕ್ಕಳು ಬೇರೆ ಮನೆಯಲ್ಲಿ ಹುಟ್ಟಿದವರು. ಆದರೂ ಹಿರಿಯರಾಗಿ ಕೂರುವುದು ಗಂಡನ ಮನೆಯಲ್ಲಿ. ಇತ್ತ ಇದೇ ಮನೆಯಲ್ಲಿ ಹುಟ್ಟಿ ಮದುವೆಯಾಗಿ ಹೋದ ಅತ್ತೆಯರಿಗೆ ಸಾಮಾನ್ಯವಾಗಿ ಅವರ ಗಂಡನ ಮನೆಯಲ್ಲೇ ಎಡೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಗಾದೆ ಈ ವ್ಯವಸ್ಥೆಯದ್ದೇ ಮಾತು. ಕೇಳುವುದಕ್ಕೆ ಕಠೋರವಾಗಿದೆ. ಅದು ಪೂರ್ತಿ ನಿಜವೂ ಅಲ್ಲ. ಎಷ್ಟೋ ಮನೆತನಗಳಲ್ಲಿ ಮದುವೆಯಾದ ಮಗಳು ತವರಿನ ಸಾವಿಗೆ ಮೂರು ದಿನ ಸೂತಕ ಆಚರಿಸುತ್ತಾಳೆ. ಹೊರಗೆ ಕಳುಹಿಸಿದ ಮೇಲೂ ಗೆರೆ ಅವಳನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ವಂಶ ಅನ್ನುವುದು ರಕ್ತದಿಂದ ತಾನಾಗಿ ಆಗುವ ವಸ್ತು ಅಲ್ಲ. ಸಮಾಜ ಎಳೆಯುವ ಗೆರೆ. ಇದಕ್ಕೆ ಮೈಸೂರಿನಲ್ಲೇ ಎಲ್ಲರೂ ಕಂಡ ಉದಾಹರಣೆ ಇದೆ. ಮೈಸೂರು ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. 2015ರಲ್ಲಿ ಅವರ ಪತ್ನಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ್ ಅವರನ್ನು ದತ್ತು ತೆಗೆದುಕೊಂಡರು. ಯದುವೀರ್, ಶ್ರೀಕಂಠದತ್ತರ ತಂದೆ ಜಯಚಾಮರಾಜೇಂದ್ರ ಒಡೆಯರ್ ಅವರ ಹಿರಿಯ ಮಗಳಾದ ಗಾಯತ್ರಿದೇವಿಯವರ ಮಗಳ ಮಗ. ರಕ್ತಸಂಬಂಧ ಮೊದಲೇ ಇತ್ತು. ಆದರೆ ಅದು ಇಬ್ಬರು ಹೆಣ್ಣುಮಕ್ಕಳ ಮೂಲಕ ಬಂದಿತ್ತು. ಪಿತೃವಂಶದ ಲೆಕ್ಕದಲ್ಲಿ ಅವರು ತಮ್ಮ ಅಪ್ಪನ ಮನೆಯಾದ ಅರಸ್ ಮನೆತನದವರು. ದತ್ತಾದ ಮೇಲೆ ಒಡೆಯರ್ ಆದರು, ಹೆಸರೂ ಬದಲಾಯಿತು. ವಂಶದ ಲೆಕ್ಕದಲ್ಲಿ ಶ್ರೀಕಂಠದತ್ತರ ಮಗನಾದರು. ರಕ್ತ ಎಷ್ಟಿತ್ತೋ ಅಷ್ಟೇ ಇದೆ. ಗೆರೆ ಮಾತ್ರ ಬದಲಾಯಿತು.

ದತ್ತಕದ ಕಾನೂನಿನಲ್ಲೂ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ದತ್ತು ಹೋದ ಮಗುವಿಗೆ ಹುಟ್ಟಿದ ಮನೆಯ ಸಂಬಂಧ ಕಡಿದುಹೋಗುತ್ತದೆ. ಆದರೆ ಒಂದು ವಿನಾಯಿತಿ ಇದೆ. ಹುಟ್ಟಿದ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗಬಾರದಾಗಿತ್ತೋ, ದತ್ತು ಹೋದ ಮೇಲೂ ಅವರನ್ನು ಮದುವೆಯಾಗಬಾರದು. ಅಂದರೆ ವಂಶ ವರ್ಗಾವಣೆ ಆಗುತ್ತದೆ, ರಕ್ತದ ನಿಷೇಧ ಹಾಗೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆಯಿರಿ. ಹತ್ತು ವ್ಯಾಖ್ಯೆಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ರಕ್ತದ ಲೆಕ್ಕದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಚಿಕ್ಕಪ್ಪನ ಮಗಳಿಗೂ ನಿಮ್ಮಣ್ಣನಿಗೂ ಸರಾಸರಿ ಎಂಟನೇ ಒಂದು ಭಾಗ ಜೀನ್‌ಗಳು ಸಮಾನ. ಸೋದರಮಾವನ ಮಗಳಿಗೂ ನಿಮ್ಮಣ್ಣನಿಗೂ ಅಷ್ಟೇ. ಹಾಗಾದರೆ ಒಬ್ಬಳು ತಂಗಿ, ಇನ್ನೊಬ್ಬಳು ಹೆಣ್ಣು ತರಬಹುದಾದ ಮನೆಯವಳು ಆಗಿದ್ದು ಹೇಗೆ?

ಇಲ್ಲಿ ಬಹಳ ಜನ ತಕ್ಷಣ ಹೇಳುವ ಉತ್ತರ ಒಂದಿದೆ. ಚಿಕ್ಕಪ್ಪನ ಮಗಳು ನಮ್ಮ ಬೆಡಗು, ಸೋದರಮಾವನ ಮಗಳು ಬೇರೆ ಬೆಡಗು, ಅದಕ್ಕೇ ಅಂತ. ಕೇಳುವುದಕ್ಕೆ ಸರಿಯಾಗಿದೆ. ಆದರೆ ಅರ್ಧ ದಾರಿಗೆ ನಿಂತುಬಿಡುತ್ತದೆ. ನಿಮ್ಮ ದೊಡ್ಡವ್ವನ ಮಗಳನ್ನು, ಅಂದರೆ ಅಮ್ಮನ ಅಕ್ಕನ ಮಗಳನ್ನು ತೆಗೆದುಕೊಳ್ಳಿ. ಅವಳದು ಅವಳ ಅಪ್ಪನ ಬೆಡಗು. ನಿಮ್ಮದು ನಿಮ್ಮ ಅಪ್ಪನ ಬೆಡಗು. ಎರಡಕ್ಕೂ ಸಂಬಂಧವೇ ಇಲ್ಲದಿರಬಹುದು. ಆದರೂ ಅವಳು ನಿಮ್ಮಣ್ಣನಿಗೆ ತಂಗಿ. ಅವಳನ್ನು ತರುವ ಮಾತೆತ್ತಿದರೆ ಮಂಡ್ಯ ಜಿಲ್ಲೆಯ ಯಾವ ಅಜ್ಜಿಯೂ ಒಪ್ಪುವುದಿಲ್ಲ. ಬೆಡಗು ಬೇರೆ ಇದ್ದರೂ ತಂಗಿ ಆಗಿದ್ದಾಳೆ. ಹಾಗಾಗಿ ಕಾರಣ ಪಿತೃವಂಶದಲ್ಲಿ ಮಾತ್ರ ಇಲ್ಲ. ಬೇರೆ ಎಲ್ಲೋ ಇದೆ.

ಅದು ಇರುವುದು ಒಡಹುಟ್ಟಿದವರ ನಡುವಿನ ಭೇದದಲ್ಲಿ. ಅಣ್ಣ ತಮ್ಮ ಇಬ್ಬರು ಒಂದು ಕಡೆ. ಅಕ್ಕ ತಂಗಿ ಇಬ್ಬರು ಒಂದು ಕಡೆ. ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ, ಅಂದರೆ ಅಪ್ಪಂದಿರೇ. ಅಮ್ಮನ ಅಕ್ಕತಂಗಿಯರು ದೊಡ್ಡವ್ವ, ಚಿಕ್ಕವ್ವ, ಅಂದರೆ ಅವ್ವಂದಿರೇ. ದೊಡ್ಡವ್ವನ ಗಂಡನೂ ದೊಡ್ಡಪ್ಪ. ಅಪ್ಪಂದಿರ ಮಕ್ಕಳು, ಅವ್ವಂದಿರ ಮಕ್ಕಳು ಎಲ್ಲರೂ ಅಣ್ಣ ತಮ್ಮ ಅಕ್ಕ ತಂಗಿ. ಆದರೆ ಅಣ್ಣ ಮತ್ತು ತಂಗಿಯ ನಡುವೆ ಗೆರೆ ಬೀಳುತ್ತದೆ. ಅಪ್ಪನ ತಂಗಿ ಅವ್ವ ಆಗುವುದಿಲ್ಲ, ಅತ್ತೆ ಆಗುತ್ತಾಳೆ. ಅಮ್ಮನ ಅಣ್ಣ ಅಪ್ಪ ಆಗುವುದಿಲ್ಲ, ಮಾವ ಆಗುತ್ತಾನೆ. ಅವರ ಮಕ್ಕಳು ಬಾವ, ಬಾಮೈದ, ಅತ್ತಿಗೆ, ನಾದಿನಿ. ಮದುವೆಯೇ ನಡೆಯದಿದ್ದರೂ ನೀವು ಸೋದರಮಾವನ ಮಗನನ್ನು ಬಾವ ಅಂತಲೇ ಕರೆಯುತ್ತೀರಿ. ಗಂಡನ ಅಪ್ಪನೂ ಮಾವ, ಅಮ್ಮನ ಅಣ್ಣನೂ ಮಾವ. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ.

ಹೀಗೆ ನಮ್ಮ ಇಡೀ ಬಳಗ ಎರಡು ಪಾಲಾಗಿದೆ. ಒಂದು ಕಡೆ ಅಣ್ಣತಮ್ಮಂದಿರು, ಇನ್ನೊಂದು ಕಡೆ ನೆಂಟರು. ಅಣ್ಣತಮ್ಮಂದಿರ ಮನೆಯಿಂದ ಹೆಣ್ಣು ತರುವ ಹಾಗಿಲ್ಲ. ನೆಂಟರ ಮನೆಯಿಂದ ತರಬಹುದು, ಅವರಿಗೆ ಕೊಡಬಹುದು. ನೆಂಟಸ್ತನ ಅನ್ನುವುದು ಮದುವೆಯ ದಿನ ಹುಟ್ಟಿ ಆ ಇಬ್ಬರ ಜೊತೆ ಮುಗಿಯುವುದಿಲ್ಲ. ಅದು ಮಕ್ಕಳಿಗೆ ಇಳಿಯುತ್ತದೆ. ನಿಮ್ಮ ಸೋದರಮಾವ ನಿಮ್ಮ ಅಪ್ಪನಿಗೆ ಬಾಮೈದ. ಆ ನೆಂಟಸ್ತನವೇ ನಿಮ್ಮ ತಲೆಮಾರಿಗೆ ಬಂದು ಸೋದರಮಾವನ ಮಗಳ ರೂಪ ತಾಳಿದೆ. ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೂಯಿ ಡ್ಯೂಮಾಂಟ್ 1953ರಲ್ಲಿ ದಕ್ಷಿಣ ಭಾರತದ ಬಂಧುತ್ವದ ಬಗ್ಗೆ ಇದನ್ನೇ ವಾದಿಸಿದರು. ಅಮ್ಮನ ಅಣ್ಣನನ್ನು ಬರೀ ಅಮ್ಮನ ಕಡೆಯ ರಕ್ತಸಂಬಂಧಿ ಅಂತ ನೋಡಬೇಡಿ, ಅಪ್ಪನ ನೆಂಟ ಅಂತ ನೋಡಿ ಅಂದರು. ನನಗೆ ಈ ವಾದ ಇಂದಿಗೂ ಸರಿ ಅನ್ನಿಸುತ್ತದೆ. ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ಜನ ನಡೆದುಕೊಳ್ಳುವುದು ಹಾಗೆಯೇ.

ಇದಕ್ಕೆ ಗಟ್ಟಿ ಸಾಕ್ಷಿ ಬೇಕಾದರೆ ತುಳುನಾಡಿಗೆ ಹೋಗಬೇಕು. ಅಲ್ಲಿ ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಬಳಿ ತಾಯಿಯಿಂದ ಬರುತ್ತದೆ. ಮನೆತನದ ಆಸ್ತಿ ತಾಯಿಯ ಸಾಲಿನಲ್ಲೇ ಉಳಿಯುತ್ತಿತ್ತು. ಗಂಡಸಿನ ವಾರಸುದಾರ ಅವನ ಮಗ ಅಲ್ಲ, ಅಕ್ಕತಂಗಿಯ ಮಗ. ಅಂದರೆ ವಂಶ ನಮ್ಮದಕ್ಕೆ ಪೂರ್ತಿ ಉಲ್ಟಾ. ಬಂಧುತ್ವವೂ ಉಲ್ಟಾ ಆಗಬೇಕಿತ್ತು ಅಲ್ವಾ? ಆಗಿಲ್ಲ. ಅಲ್ಲಿಯೂ ಅಣ್ಣತಮ್ಮಂದಿರ ಮಕ್ಕಳು ಒಡಹುಟ್ಟಿದವರಂತೆ. ಅಕ್ಕತಂಗಿಯರ ಮಕ್ಕಳೂ ಹಾಗೆಯೇ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಮಾತ್ರ ಮದುವೆಗೆ ಬರುವವರು. ವಂಶ ಬದಲಾದರೂ ಬಂಧುತ್ವದ ವಿಭಾಗ ಅಲುಗಾಡಲಿಲ್ಲ. ನಿಮ್ಮ ಪುಸ್ತಕದ ಒಂದು ಸಾಲಿಗೂ ನಿಮ್ಮ ಮನೆಯ ಅನುಭವಕ್ಕೂ ಹೊಂದಾಣಿಕೆ ಆಗದಿರುವುದು ಇದಕ್ಕೇ. ಮಂಡ್ಯದವರು ಪಿತೃವಂಶದವರು ಅನ್ನುವುದು ನಿಜ. ಆದರೆ ಅವರು ದಕ್ಷಿಣದ ಬಂಧುತ್ವ ಪದ್ಧತಿಯವರು ಅನ್ನುವುದು ಅದಕ್ಕಿಂತ ಆಳದ ನಿಜ.

ತುಳುನಾಡಿನ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮಾತೃವಂಶ ಅಂದರೆ ಹೆಂಗಸರ ಆಳ್ವಿಕೆ ಅಂತ ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಅದು ತಪ್ಪು. ಗೆರೆ ಹೆಣ್ಣಿನ ಮೂಲಕ ಹೋದರೂ ಯಜಮಾನಿಕೆ ಹೆಚ್ಚಾಗಿ ಅವಳ ಅಣ್ಣನದೋ ಸೋದರಮಾವನದೋ ಆಗಿರುತ್ತಿತ್ತು. ಹೆಣ್ಣಿಗೆ ತವರು ಬಿಟ್ಟುಹೋಗುವ ಅನಾಥಭಾವ ಕಡಿಮೆ ಇತ್ತು, ಆಸ್ತಿಯಲ್ಲಿ ನೆಲೆ ಇತ್ತು. ಅದು ದೊಡ್ಡದೇ. ಆದರೆ ವಂಶ ಯಾರ ಮೂಲಕ, ಅಧಿಕಾರ ಯಾರ ಕೈಯಲ್ಲಿ ಅನ್ನುವುದು ಎರಡು ಬೇರೆ ಪ್ರಶ್ನೆ. ಮಂಗಳೂರು ಕಡೆ ಆಗ ಮದ್ರಾಸ್ ಆಡಳಿತದಲ್ಲಿದ್ದುದರಿಂದ 1949ರಲ್ಲಿ ಬಂದ ಅಳಿಯಸಂತಾನ ಕಾಯ್ದೆ ಮದ್ರಾಸಿನದು. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಹಳೆಯ ಆಸ್ತಿ ಪದ್ಧತಿ ಸಡಿಲವಾಯಿತು. ಬಳಿ ಮಾತ್ರ ಇಂದಿಗೂ ತಾಯಿಯದೇ.

ನಮ್ಮ ಈ ಬಂಧುತ್ವ ಪದ್ಧತಿ ಸಮಾಜಶಾಸ್ತ್ರದ ಇತಿಹಾಸದಲ್ಲೇ ದೊಡ್ಡ ಜಾಗ ಪಡೆದಿದೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು. ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನರಲ್ಲಿ ಅಪ್ಪನ ಅಣ್ಣತಮ್ಮಂದಿರನ್ನೂ ಅಪ್ಪ ಅಂತಲೇ ಕರೆಯುವುದನ್ನು ಕಂಡರು. ಪ್ರಪಂಚದ ಬೇರೆ ಬೇರೆ ಕಡೆಗೆ ಪ್ರಶ್ನಾವಳಿ ಕಳಿಸಿದರು. ದಕ್ಷಿಣ ಭಾರತದಿಂದ ಬಂದ ಪಟ್ಟಿಗಳೂ ಅದೇ ರೀತಿ ಇದ್ದವು. 1871ರಲ್ಲಿ ಅದನ್ನೆಲ್ಲ ಪ್ರಕಟಿಸಿದರು. ಬಂಧುತ್ವದ ಅಧ್ಯಯನ ಒಂದು ಶಾಸ್ತ್ರವಾಗಿ ಶುರುವಾಗಿದ್ದು ಹೀಗೆ. ಇರೊಕ್ವಾ ಜನ ಏಷ್ಯಾದಿಂದ ಹೋದವರು ಅನ್ನುವುದಕ್ಕೆ ಇದೇ ಪುರಾವೆ ಅಂದುಕೊಂಡಿದ್ದು ಅವರ ತಪ್ಪು. ಅಷ್ಟು ದೂರದ ಇಬ್ಬರು ಒಂದೇ ರೀತಿ ಯೋಚಿಸಬಹುದು ಅನ್ನುವುದು ಅವರ ಕಲ್ಪನೆಗೆ ಬರಲಿಲ್ಲ.

ಈಗ ಸೋದರಮಾವನ ವಿಷಯ ಸುಲಭವಾಗುತ್ತದೆ. ಮಗುವಿನ ಮುಡಿ ತೆಗೆಸುವಾಗ, ಕಿವಿ ಚುಚ್ಚಿಸುವಾಗ ಅವನ ತೊಡೆ ಬೇಕು. ಹುಡುಗಿ ದೊಡ್ಡವಳಾದಾಗ ಸೊಪ್ಪು ತಂದು ಗುಡ್ಲು ಹಾಕುವವನು ಅವನು. ಮದುವೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವನೂ ಅವನೇ. ಅವನು ನಿಮ್ಮ ವಂಶದವನಲ್ಲ. ಅವನಿಗೆ ಇಷ್ಟು ಗೌರವ ಸಿಗುವುದೂ ಆ ಕಾರಣಕ್ಕೇ. ಒಂದು ಮನೆಯ ಮಗುವನ್ನು ಬೆಳೆಸಲು ಇನ್ನೊಂದು ಮನೆಯ ಒಪ್ಪಿಗೆ ಬೇಕು, ಆಶೀರ್ವಾದ ಬೇಕು ಅನ್ನುವುದನ್ನು ಎಲ್ಲರ ಮುಂದೆ ತೋರಿಸುವ ಕ್ರಮ ಅದು. ಜೊತೆಗೆ ಅವನು ನಿಮ್ಮ ಅಮ್ಮನ ಬೆನ್ನಿಗಿರುವ ಗಂಡಸು. ದಾಯಾದಿಗಳ ಜೊತೆ ಜಮೀನಿನ ಜಗಳ ಇದ್ದೇ ಇರುತ್ತದೆ. ಸೋದರಮಾವನ ಜೊತೆ ಪಾಲಿನ ತಕರಾರು ಇರುತ್ತಿರಲಿಲ್ಲ, ಯಾಕೆಂದರೆ ಹಿಂದೆ ಅಮ್ಮನಿಗೆ ಪಾಲೇ ಇರಲಿಲ್ಲ. ಆ ಪ್ರೀತಿಯ ಕೆಳಗೆ ಹೆಣ್ಣು ಬಿಟ್ಟುಕೊಟ್ಟ ಹಕ್ಕು ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉತ್ತರ ಭಾರತದ ಬಹುಪಾಲು ಕಡೆ ವ್ಯವಸ್ಥೆ ಬೇರೆ. ಅಲ್ಲಿ ಅಮ್ಮನ ಕಡೆಯ ಹತ್ತಿರದ ಸಂಬಂಧವೂ ಮದುವೆಗೆ ನಿಷಿದ್ಧ. ಅನೇಕ ಸಮುದಾಯಗಳಲ್ಲಿ ಅಪ್ಪನ ಗೋತ್ರ, ಅಮ್ಮನ ಗೋತ್ರ, ಅಜ್ಜಿಯ ಗೋತ್ರ ಎಲ್ಲ ಬಿಡಬೇಕು. ಒಂದೇ ಊರಿನೊಳಗೂ ಮದುವೆ ಆಗುವಂತಿಲ್ಲ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ಇದನ್ನು ವಿವರವಾಗಿ ತೋರಿಸಿದರು. ಅಲ್ಲಿ ಸೊಸೆ ಗುರುತು ಪರಿಚಯವಿಲ್ಲದ ಮನೆಗೆ ಹೋಗುತ್ತಾಳೆ. ನಮ್ಮಲ್ಲಿ ಎಷ್ಟೋ ಸೊಸೆಯರಿಗೆ ಅತ್ತೆ ಚಿಕ್ಕಂದಿನಿಂದ ಎತ್ತಿ ಆಡಿಸಿದವಳೇ ಆಗಿರುತ್ತಿದ್ದಳು. ಹಾಗಂತ ನಮ್ಮದು ಹೆಣ್ಣಿಗೆ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಬಳಗದೊಳಗೆ ಮದುವೆ ಅಂದರೆ ಬೇಡ ಅನ್ನುವುದು ಇನ್ನೂ ಕಷ್ಟ. ಬೇಡ ಅಂದರೆ ಎರಡು ಮನೆ ಮುನಿಸಿಕೊಳ್ಳುತ್ತವೆ.

ಹಳೆ ಮೈಸೂರಿನಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯೂ ಇದೆ. ತಂಗಿಯ ಮಗಳನ್ನು ಸಾಮಾನ್ಯವಾಗಿ ತರುವುದಿಲ್ಲ. ಅಕ್ಕನ ಮಗಳು ಅಕ್ಕನ ಗಂಡನ ಬೆಡಗಿನವಳು, ಹಾಗಾಗಿ ನೆಂಟರ ಕಡೆಯವಳು. ಆದರೆ ತಲೆಮಾರು ಏರುಪೇರಾಗುತ್ತದೆ. ಜೀನ್‌ಗಳ ಲೆಕ್ಕದಲ್ಲೂ ಇದು ತೀರ ಹತ್ತಿರ, ನಾಲ್ಕನೇ ಒಂದು ಭಾಗ ಸಮಾನ. ಸೋದರಸಂಬಂಧದ, ಅಂದರೆ ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳ ಜೊತೆಗಿನ ಮದುವೆಗಿಂತ ಎರಡು ಪಟ್ಟು. ಇದು ಕಡಿಮೆಯಾಗುತ್ತಿರುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ ಅಂದರೆ, 1955ರ ಹಿಂದೂ ವಿವಾಹ ಕಾಯ್ದೆ ಅಣ್ಣ ತಂಗಿಯ ಮಕ್ಕಳ ನಡುವಿನ ಮದುವೆಯನ್ನೂ, ಅಕ್ಕನ ಮಗಳ ಜೊತೆಗಿನ ಮದುವೆಯನ್ನೂ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲೇ ಇಟ್ಟಿದೆ. ಆದರೆ ಇಬ್ಬರ ಸಮುದಾಯದಲ್ಲೂ ಹಿಂದಿನಿಂದ ನಡೆದುಬಂದ ರೂಢಿ ಇದ್ದರೆ ಅಂತಹ ಮದುವೆ ಸಿಂಧು ಅಂತಲೂ ಹೇಳಿದೆ. ನಮ್ಮ ಕಡೆಯ ಮದುವೆಗಳು ನಿಂತಿರುವುದು ಆ ರೂಢಿಯ ಆಧಾರದ ಮೇಲೆ.

ಆರೋಗ್ಯದ ಮಾತನ್ನೂ ಹೇಳಲೇಬೇಕು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಮಗುವಿನಲ್ಲಿ ಕಾಯಿಲೆ ಕಾಣಿಸಿಕೊಳ್ಳಬಹುದು. ಹತ್ತಿರದ ರಕ್ತದಲ್ಲಿ ಆ ಸಾಧ್ಯತೆ ಜಾಸ್ತಿ. ಸೋದರಸಂಬಂಧದ ಹೆಚ್ಚಿನ ದಂಪತಿಗಳಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ ಅನ್ನುವುದು ನಿಜ. ಅಪಾಯ ಹೆಚ್ಚು ಅನ್ನುವುದೂ ಅಷ್ಟೇ ನಿಜ. ತಲೆಮಾರಿನಿಂದ ತಲೆಮಾರಿಗೆ ಒಳಗೊಳಗೇ ಮದುವೆ ಆಗಿರುವ ಮನೆತನದಲ್ಲಿ ಇನ್ನೂ ಹೆಚ್ಚು. ಕುಟುಂಬದಲ್ಲಿ ಕಿವುಡುತನ, ಬುದ್ಧಿಮಾಂದ್ಯತೆ, ರಕ್ತದ ಕಾಯಿಲೆ ಯಾರಿಗಾದರೂ ಇದ್ದರೆ ಮದುವೆಗೆ ಮುಂಚೆ ತಜ್ಞ ವೈದ್ಯರನ್ನು ಕಾಣಬೇಕು. ಅದಕ್ಕಿಂತ ಮೊದಲು, ನಿಮ್ಮಣ್ಣನಿಗೂ ಆ ಹುಡುಗಿಗೂ ಇಷ್ಟ ಇದೆಯಾ ಅಂತ ಕೇಳಬೇಕು. ನಿಮ್ಮ ಪತ್ರದಲ್ಲಿ ಅಜ್ಜಿಯ ಹಟ ಇದೆ, ಆ ಇಬ್ಬರ ಮಾತು ಎಲ್ಲೂ ಇಲ್ಲ.

ಈ ಮದುವೆಗಳು ಬರೀ ಸಂಪ್ರದಾಯದ ಬಲದಿಂದ ನಡೆದುಬಂದವಲ್ಲ. ಜಮೀನು, ದುಡಿಮೆ, ಹಣ ಬದಲಾದಾಗ ಅವೂ ಬದಲಾಗಿವೆ. ಇದನ್ನು ಮಂಡ್ಯ ಜಿಲ್ಲೆಯಲ್ಲೇ ದಾಖಲಿಸಲಾಗಿದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯದಲ್ಲಿ ಇಲ್ಲಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ವಂಗಲ, ದಲೇನ ಅಂತ ಅವಕ್ಕೆ ಮಾರುಹೆಸರು ಇಟ್ಟರು. ಆಗ ಒಕ್ಕಲು ಮನೆಗಳಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡುತ್ತಿದ್ದರು. 1970ರಲ್ಲಿ ಅವರು ಮತ್ತೆ ಬಂದಾಗ ಉಳ್ಳವರ ಮನೆಗಳಲ್ಲಿ ವರದಕ್ಷಿಣೆ ಕಾಲಿಟ್ಟಿತ್ತು. ಕಬ್ಬಿನ ದುಡ್ಡು ಬಂತು, ಓದಿದ ಗಂಡು ಬಂದ. ಹೆಣ್ಣು ತರುವ ಮನೆ ಮೇಲು, ಕೊಡುವ ಮನೆ ಕೆಳಗು ಅನ್ನುವ ಭಾವ ಬೆಳೆಯಿತು. ಸೋದರಸಂಬಂಧದಲ್ಲಿ ಎರಡೂ ಮನೆ ಸರಿಸಮ. ಇವತ್ತು ಕೊಟ್ಟವರು ನಾಳೆ ತರುತ್ತಾರೆ. ವರದಕ್ಷಿಣೆ ಆ ಸಮತೆಯನ್ನು ಮುರಿಯಿತು. ನಮ್ಮ ಬಂಧುತ್ವಕ್ಕೆ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಬಿದ್ದ ದೊಡ್ಡ ಪೆಟ್ಟು ಅದೇ ಅಂತ ನಾನು ತಿಳಿದಿದ್ದೇನೆ.

ಕೊನೆಗೆ ಪಾಲಿನ ವಿಷಯ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹುಟ್ಟಿನಿಂದಲೇ ಹಕ್ಕು ಬಂತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಆದ ಪಾಲುಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಇದರಿಂದ ಪಿತೃವಂಶ ಮುಗಿಯಿತಾ? ಇಲ್ಲ. ಡಬ್ಲ್ಯೂ.ಎಚ್.ಆರ್. ರಿವರ್ಸ್ ಎಂಬ ವಿದ್ವಾಂಸರು ನೂರು ವರ್ಷದ ಹಿಂದೆಯೇ ಇದನ್ನು ಬಿಡಿಸಿ ಹೇಳಿದ್ದರು. ಗುಂಪಿನ ಸದಸ್ಯತ್ವ ಬೇರೆ, ಆಸ್ತಿ ಬೇರೆ, ಅಧಿಕಾರ ಬೇರೆ. ಮೂರೂ ಒಂದೇ ಗೆರೆಯಲ್ಲಿ ಹೋಗಬೇಕು ಅಂತಿಲ್ಲ. ನಿಮ್ಮ ಅಮ್ಮನಿಗೆ ತವರಿನ ಆಸ್ತಿ ಬಂದರೂ ನಿಮ್ಮ ಬೆಡಗು ಬದಲಾಗುವುದಿಲ್ಲ. ನಿಮ್ಮ ಮನೆದೇವರು ಅಪ್ಪನ ಮನೆದೇವರೇ. ಆಸ್ತಿ ಎರಡು ಕಡೆಯಿಂದ ಬರತೊಡಗಿದೆ, ವಂಶ ಒಂದೇ ಕಡೆಯಿಂದ ಬರುತ್ತಿದೆ. ಕಾನೂನೂ ಇನ್ನೂ ಗೆರೆಯಲ್ಲೇ ಯೋಚಿಸುತ್ತದೆ. ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ, ಮಕ್ಕಳಿಲ್ಲದೆ ತೀರಿಕೊಂಡರೆ ಅವಳಿಗೆ ಅಪ್ಪ ಅಮ್ಮನಿಂದ ಬಂದ ಆಸ್ತಿ ಗಂಡನ ಕಡೆಗೆ ಹೋಗುವುದಿಲ್ಲ, ಅಪ್ಪನ ವಾರಸುದಾರರಿಗೆ ಮರಳುತ್ತದೆ. ಗಂಡನಿಂದ ಬಂದದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ.

ಕಷ್ಟ ಬರುವುದು ಬಂಧುತ್ವದ ಕಡೆ. ತವರು ಅನ್ನುವುದು ಹೆಣ್ಣಿಗೆ ಬರೀ ಊರಲ್ಲ. ಗೌರಿ ಹಬ್ಬದ ಬಾಗಿನ, ಮಡಿಲಕ್ಕಿ, ಬಾಣಂತನ, ಕಷ್ಟಕ್ಕೆ ಬಂದು ನಿಲ್ಲುವ ಅಣ್ಣ, ಎಲ್ಲ ಸೇರಿ ತವರು. ಪಾಲು ಕೇಳಿದ ತಂಗಿ ನೆಂಟಳಾಗಿ ಉಳಿಯುವುದಿಲ್ಲ, ದಾಯಾದಿ ಆಗುತ್ತಾಳೆ. ಆ ಭಯಕ್ಕೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಷ್ಟು ಹಣ ತೆಗೆದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾರೆ. ಅವರು ದಡ್ಡರಲ್ಲ. ಜಮೀನಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು, ಅಣ್ಣನ ಬೆಲೆಯೂ ಗೊತ್ತು. ಆದರೆ ಈ ಆಯ್ಕೆಯನ್ನು ಹೆಣ್ಣಿನ ಮುಂದೆ ಮಾತ್ರ ಇಡುವುದು ಅನ್ಯಾಯ. ಪಾಲು ತೆಗೆದುಕೊಂಡ ತಮ್ಮನನ್ನು ಯಾವ ಅಣ್ಣನೂ ಮನೆಗೆ ಬರಬೇಡ ಅನ್ನುವುದಿಲ್ಲ.

ಈಗ ನಿಮ್ಮ ಅಜ್ಜಿಯ ಹಟವನ್ನು ಇದರ ಪಕ್ಕ ಇಟ್ಟು ನೋಡಿ. ಅವರ ಮನಸ್ಸಿನಲ್ಲಿ ಏನಿದೆ ಅಂತ ನಾನು ಹೇಳಲಾರೆ. ಆದರೆ ಅವರಿಗೆ ನಿಮ್ಮಣ್ಣ ಮಗಳ ಮಗ, ಆ ಹುಡುಗಿ ಮಗನ ಮಗಳು. ಪಾಲಿನಿಂದ ದೂರವಾಗಬಹುದಾದ ಮಗ ಮತ್ತು ಮಗಳು ಈ ಮದುವೆಯಿಂದ ಬೀಗರಾಗುತ್ತಾರೆ. ಮಗಳಿಗೆ ಹೋದ ಜಮೀನಿನ ಮನೆಗೆ ಮೊಮ್ಮಗಳೇ ಸೊಸೆಯಾಗಿ ಹೋಗುತ್ತಾಳೆ. ತಾಯಿಯಾಗಿ ನೋಡಿದರೆ ಇದು ಬಹಳ ಯೋಚಿಸಿದ ಲೆಕ್ಕ. ಆದರೆ ಇಬ್ಬರು ಎಳೆಯರ ಜೀವನವನ್ನು ದೊಡ್ಡವರ ಪಾಲಿನ ಜಗಳಕ್ಕೆ ಜಾಮೀನಾಗಿ ಇಡಬಾರದು ಅಂತ ನಾನು ಅಜ್ಜಿಗೆ ವಿನಯದಿಂದಲೇ ಹೇಳುತ್ತೇನೆ. ಪಾಲನ್ನು ಪಾಲಾಗಿ ಬಗೆಹರಿಸಿಕೊಳ್ಳಲಿ. ನಿಮ್ಮ ಅಮ್ಮ ಯಾವುದಕ್ಕೂ ರುಜು ಹಾಕುವ ಮುಂಚೆ ಪತ್ರವನ್ನು ತಮ್ಮ ಕಡೆಯ ಒಬ್ಬ ವಕೀಲರಿಗೆ ತೋರಿಸಲಿ.

ಅಸೈನ್‌ಮೆಂಟಿಗೆ ನಿಮ್ಮ ಮನೆಯನ್ನೇ ತೆಗೆದುಕೊಳ್ಳಿ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ಒಡಹುಟ್ಟಿದವರಿಗೆ ಮೇಲೊಂದು ಅಡ್ಡಗೆರೆ. ಎರಡೂ ಕಡೆಯ ನಾಲ್ಕು ತಲೆಮಾರು ಬರೆಯಿರಿ. ನಾಡಕಚೇರಿಯ ವಂಶವೃಕ್ಷವನ್ನು ನಕಲು ಮಾಡಬೇಡಿ, ಅದು ವಾರಸುದಾರರ ಪಟ್ಟಿ ಮಾತ್ರ. ಬೆಡಗು ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಒಂದು ಬಣ್ಣದಲ್ಲಿ ತೋರಿಸಿ, ಜಮೀನು ಹೋದ ದಾರಿಯನ್ನು ಇನ್ನೊಂದು ಬಣ್ಣದಲ್ಲಿ, ಹೆಣ್ಣು ಕೊಟ್ಟು ತಂದ ಮನೆಗಳನ್ನು ಮೂರನೆಯದರಲ್ಲಿ. ನಿಮ್ಮ ಇಬ್ಬರು ಅಜ್ಜಿಯರ ತವರಿನ ಬೆಡಗು ಯಾವುದು ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ಮನೆಯ ಗಂಡಸರಿಗೆ ಬಹುಶಃ ಅದು ನೆನಪಿರುವುದಿಲ್ಲ.